ಗಿಳಿಯ ಕುತ್ತಿಗೆಗೆ ಎಷ್ಟು ಅಗಲದ ಬ್ಲೇಡು

ಮೊನ್ನೆ ಬೆಳಿಗ್ಗೆಯೂ ಎಲ್ಲ ಬೆಳಗಿನ ಹಾಗೆಯೇ ಡಿಕಾಕ್ಷನ್ ಇಳಿಯಲು ಬಿಟ್ಟು, ಮಷೀನಿಗೆ ಹಾಕುವ ಬಟ್ಟೆಗಳನ್ನು ಬೇರೆ ಮಾಡುತ್ತ ಕೂತಿದ್ದೆ. ಬಿಳಿಯದು ಒಂದು ಕಡೆ, ಬಣ್ಣದ್ದು ಇನ್ನೊಂದು ಕಡೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಲ್ಲಿ ಬಹುಪಾಲು ಮರೆತಿದ್ದೇನೆ. ಒಗೆಯುವ ಮುಂಚೆ ಜೇಬು ಮಗುಚಿ ನೋಡುವುದೊಂದು ಉಳಿದಿದೆ. ನಮ್ಮ ಮನೆಯವರ ಕಾರ್ಡಿಗನ್ನಿನ ಜೇಬು ಮಗುಚಿದರೆ ಮರದ ಪುಡಿ ಸುರಿಯಿತು. ಜೊತೆಗೊಂದು ವಾಸನೆ. ಸುಟ್ಟ ಮರದ್ದು, ಸ್ವಲ್ಪ ಸಿಹಿ, ಬೆಲ್ಲದ ಪಾಕ ತಳ ಹಿಡಿದಾಗ ಬರುತ್ತದಲ್ಲ, ಹಾಗೆ.

ಅದು ಹಿಂದಿನ ಸಂಜೆಯ ವಾಸನೆ. ನಮ್ಮ ಮನೆಯವರು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ದಿನವಿಡೀ ಜನರನ್ನು ಮಲಗಿಸಿ ಬಂದು, ಸಂಜೆ ಲಂಡನ್ನಿನ ಅಂಚಿನ ಸ್ಟ್ಯಾನ್ಮೋರಿನಲ್ಲಿ ನಮ್ಮ ಬೀದಿಯನ್ನೆಲ್ಲ ಎಬ್ಬಿಸುತ್ತಾರೆ. ಕಾರು ಹೊರಗೆ ನೆನೆಯುತ್ತದೆ. ಗ್ಯಾರೇಜಿನೊಳಗೆ ಬೆಚ್ಚಗೆ ಒಂದು ಬ್ಯಾಂಡ್‌ಸಾ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗೂ ಗೊತ್ತಾದದ್ದು ಇತ್ತೀಚೆಗೆ: ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಅವೆರಡರ ಸುತ್ತ ಬಳೆಯ ಹಾಗೆ ತಿರುಗುವ ಉದ್ದನೆಯ ಗರಗಸದ ಪಟ್ಟಿ. ಹಿಂದಿನ ಸಂಜೆ ಆ ಪಟ್ಟಿ ಢಣ್ಣೆಂದು ಕಡಿದುಹೋಗಿತ್ತು. ಸೌಟು ಹಿಡಿದುಕೊಂಡೇ ಓಡಿದೆ. ಇವರು ಬಿಳಿಚಿಕೊಂಡು, ಹತ್ತೂ ಬೆರಳನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದರು.

“ಏನೂ ಆಗಿಲ್ಲ. ಗಿಳೀ ಕುತ್ತಿಗಿ ಹತ್ರ ಸಿಕ್ಕೊಂಡ್ತು. ಬ್ಲೇಡಿನ ಅಗಲ ಜಾಸ್ತಿ, ಹೊರಳಲಿಲ್ಲ.”

ಗಿಳಿ ಎಂದರೆ ತೊಟ್ಟಿಲಿನ ಗಿಳಿ. ಕ್ರೋಯ್ಡನ್ನಿನಲ್ಲಿರುವ ನಮ್ಮ ಮಗಳಿಗೆ ಮುಂದಿನ ತಿಂಗಳು ದಿನ ತುಂಬುತ್ತದೆ. ಬರುವ ಮೊಮ್ಮಗುವಿಗೆ ಕಲಘಟಗಿಯ ತೊಟ್ಟಿಲಿನಂಥದ್ದೇ ಆಗಬೇಕೆಂದು ಇವರ ಹಟ. ಎರಡು ತುದಿಯ ಹಲಗೆಗಳಲ್ಲೂ ಎದುರುಬದುರು ಗಿಳಿ. ಧಾರವಾಡದ ಮನೆಯಲ್ಲಿ ತಾವು ಮಲಗಿದ್ದು ಅಂಥದ್ದರಲ್ಲಂತೆ.

ನನಗೆ ಇದು ಬೇಡವಾಗಿತ್ತು. ಮಗುವಿಗಿಂತ ಮೊದಲು ತೊಟ್ಟಿಲು ಮನೆಗೆ ಬರಬಾರದು, ಖಾಲಿ ತೊಟ್ಟಿಲು ಇಡಬಾರದು ಎಂದು ನಮ್ಮ ಎರಡೂ ಕಡೆಯ ಹಿರಿಯರು ನಡೆಸಿಕೊಂಡು ಬಂದದ್ದು. ಅದೂ ಅಲ್ಲದೆ, ಎರಡು ವರ್ಷದ ಹಿಂದೆ ಮಗಳ ಬಸಿರು ನಾಲ್ಕನೆಯ ತಿಂಗಳಿಗೇ ಇಳಿದುಹೋಗಿತ್ತು. ಆಗ ಯಾರೂ ತೊಟ್ಟಿಲು ಮಾಡಿರಲಿಲ್ಲ, ಒಂದು ಟೊಪ್ಪಿಗೆ ಕೂಡ ಹೆಣೆದಿರಲಿಲ್ಲ. ಹಾಗಿದ್ದರೆ ಈ ನಿಯಮ ಯಾವುದರಿಂದ ಕಾಯುತ್ತದೆ? ಗೊತ್ತಿಲ್ಲ. ಮುರಿಯುವ ಧೈರ್ಯವೂ ಇಲ್ಲ. ಮಗಳಿಗೆ ಹೇಳಿದರೆ, “ಅಮ್ಮಾ, ಪ್ಲೀಸ್. ಇಟ್ಸ್ ಜಸ್ಟ್ ವುಡ್,” ಎಂದಳು. ಇವರಿಗೆ ಹೇಳಿದರೆ, “ಹಂಗಾರ ನಾ ಸುಮ್ನ ಕೂಡ್ಲೇನು? ಕೈಗೆ ಕೆಲಸ ಇಲ್ಲಂದ್ರ ತಲಿ ಕೆಲಸ ಶುರು ಮಾಡ್ತದ,” ಎಂದರು. ನನ್ನ ತಲೆಯೂ ಅದೇ ಕೆಲಸದಲ್ಲಿತ್ತು.

ಮೊನ್ನೆ ಕಾಫಿ ಕುಡಿದು ಹೊರಡುವಾಗ ಇವರು ಕಡಿದ ಬ್ಲೇಡನ್ನು ಸುರುಳಿ ಸುತ್ತಿ ಊಟದ ಮೇಜಿನ ಮೇಲಿಟ್ಟರು. “ಇದನ್ನ ತಗೊಂಡು ಎಜ್‌ವೇರಿನ ಟೂಲ್ ಅಂಗಡಿಗೆ ಹೋಗಿ ಬಾ. ಉದ್ದ ಇಷ್ಟ ಇರಬೇಕು, ಹೆಚ್ಚೂ ಇಲ್ಲ, ಕಡಿಮೀನೂ ಇಲ್ಲ. ಅಗಲ ಸಣ್ಣದು. ಹಲ್ಲು ನೋಡಿ ತಗೋ.”

“ಹಲ್ಲು ನೋಡಿ ತಗೊಳ್ಳೋಕೆ ಅದೇನು ಎತ್ತೇನ್ರೀ? ಹಲ್ಲಲ್ಲಿ ಏನು ನೋಡ್ಲಿ?”

“ಅಂಗಡಿಯವ್ರು ಹೇಳ್ತಾರ.”

ಕಾರು ಹೊರಟೇ ಹೋಯಿತು. ಆಪರೇಷನ್ ಥಿಯೇಟರಿನೊಳಗೆ ಹೋದರೆ ಫೋನು ಎತ್ತುವವರಲ್ಲ.

ಬ್ಲೇಡನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಬಟ್ಟೆಯ ಮೇಲಿಂದಲೂ ಹಲ್ಲು ಬೆರಳಿಗೆ ತಾಗುತ್ತಿತ್ತು. ಪೊಲೀಸರು ಕೇಳಿದರೆ ಏನು ಹೇಳಲಿ ಎಂದು ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಜೋಡಿಸಿಟ್ಟುಕೊಂಡೆ, ವ್ಯಾಕರಣ ಸಮೇತ. ಆಗ ನೆನಪಾದದ್ದು ಅತ್ತೆಯ ಈಳಿಗೆ. ನಾನು ಮೈಸೂರಿನ ಹುಡುಗಿ. ನಮ್ಮ ತಾಯಿಯ ಮನೆಯಲ್ಲಿ ಮೇಜು, ಚಾಕು. ಧಾರವಾಡದ ಅಡುಗೆಮನೆಗೆ ಬಂದ ಹೊಸತರಲ್ಲಿ ಈಳಿಗೆಯ ಮುಂದೆ ಕೂತು, ಬದನೆಕಾಯಿಯನ್ನು ನೆಲಕ್ಕೊತ್ತಿ ಹಿಡಿದು, ಈಳಿಗೆಯನ್ನೇ ಅದರತ್ತ ಬಗ್ಗಿಸಲು ನೋಡಿದ್ದೆ. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. “ಈಳಿಗಿ ಕುಂತಲ್ಲೇ ಕುಂತಿರ್ತದವಾ. ಹೊರಳಬೇಕಾದದ್ದು ಕಾಯಿ.” ಅವರ ಹತ್ತಿರ ಈಳಿಗೆ ಎರಡಿದ್ದವು, ಮೆಂತ್ಯಸೊಪ್ಪಿಗೆ ಸಣ್ಣದು, ಕುಂಬಳಕಾಯಿಗೆ ದೊಡ್ಡದು. ಹೀರೇಕಾಯಿಗೆ ಯಾವುದು ಎಂದು ನಾನು ಕೇಳಿದ್ದಕ್ಕೆ, “ಹೀರೀಕಾಯಿ ಕೇಳಂಗಿಲ್ಲ, ನೀ ಕೇಳ್ತಿ ನೋಡು,” ಎಂದು ಮತ್ತೆ ನಕ್ಕರು. ಯಾವುದೆಂದು ಮಾತ್ರ ಹೇಳಲಿಲ್ಲ.

ಅತ್ತೆಯ ರೀತಿಯಲ್ಲಿ ನನಗೆ ತಿಳಿಯದೆ ಹೋದದ್ದು ಅದೊಂದೇ ಅಲ್ಲ. ನನ್ನ ಮಗಳ ನಾಮಕರಣದ ದಿನ, ತೊಟ್ಟಿಲಿಗೆ ಮಗುವನ್ನು ಹಾಕುವ ಮೊದಲು ಅತ್ತೆ ಅಡುಗೆಮನೆಯ ಗುಂಡುಕಲ್ಲನ್ನು ತೊಳೆದು, ಕುಂಚಿಗೆ ಹೊದಿಸಿ, ಅದನ್ನೇ ಮಲಗಿಸಿ ತೂಗಿದರು. ಕೂಸನ್ನು ಎತ್ತಿಕೊಂಡು ನಾನು ಪಕ್ಕದಲ್ಲಿ ತಬ್ಬಿಬ್ಬಾಗಿ ನಿಂತಿದ್ದೆ. ಮಸಾಲೆ ಅರೆಯುವ ಕಲ್ಲಿಗೆ ಜೋಗುಳ! “ಇದ್ಯಾಕತ್ತೆ?” ಎಂದರೆ, “ಕೂಸು ಗಟ್ಟ್ಯಾಗಲಿ ಅಂತ. ಖಾಲಿ ತೊಟ್ಟಿಲಾಗ ಮೊದಲ ಗಟ್ಟಿದ್ದು ಮಲಗಬೇಕು,” ಎಂದರು. ಅತ್ತೆ ಹೋದ ಮೇಲೆ ಆ ಕಲ್ಲು ನನ್ನ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಲಂಡನ್ನಿಗೆ ಬಂತು. ಈಗ ಹಿತ್ತಲ ಬಾಗಿಲು ಗಾಳಿಗೆ ಬಡಿಯದ ಹಾಗೆ ತಡೆದು ಕೂತಿರುತ್ತದೆ. ಆಗೀಗ ಶುಂಠಿ ಜಜ್ಜುತ್ತೇನೆ.

ಅಂಗಡಿಯಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಒಬ್ಬಾತ ನನ್ನ ಟವೆಲನ್ನು ಬಿಚ್ಚಿ, ಬ್ಲೇಡನ್ನು ಅಳೆದು, ಪರೀಕ್ಷೆಗೆ ಶುರು ಮಾಡಿದ. ನೇರವಾಗಿ ಸೀಳಬೇಕೋ, ತಿರುಗಿಸಿ ಕತ್ತರಿಸಬೇಕೋ? ಮರ ಎಷ್ಟು ದಪ್ಪ? ನಾನು ಹೆಬ್ಬೆರಳಿನ ಮೇಲಿನ ಗೆಣ್ಣನ್ನು ತೋರಿಸಿದೆ. ಯಾವ ಮರ? “ಕಂದು,” ಎಂದೆ.

“ಸರಿ, ಏನು ಮಾಡುತ್ತಿದ್ದಾರೆ?”

ತೊಟ್ಟಿಲು ಎನ್ನಲು ನಾಲಿಗೆ ಏಳಲಿಲ್ಲ. “ಗಿಳಿ,” ಎಂದೆ.

“ಗಿಳಿ?”

“ಎರಡು ಗಿಳಿ. ಒಂದರ ಕುತ್ತಿಗೆ ಅರ್ಧ ಆಗಿದೆ.”

ಆತ ಸಂತಾಪ ಸೂಚಿಸುವವನ ಹಾಗೆ ತಲೆಯಾಡಿಸಿ, ಕೌಂಟರಿನ ಮೇಲೆ ಎರಡು ಸುರುಳಿಗಳನ್ನಿಟ್ಟ. ಒಂದು ಅರ್ಧ ಇಂಚು ಅಗಲ, ಮುರಿದದ್ದರ ಹಾಗೆಯೇ. ಇನ್ನೊಂದು ಕಾಲು ಇಂಚು. ಅಗಲದ್ದು ನೇರಕ್ಕೆ, ಕುತ್ತಿಗೆಯ ತಿರುವಿನಲ್ಲಿ ಹೊರಳಲಾರದೆ ಮರವನ್ನು ಸುಡುತ್ತದೆ. ಸಣ್ಣದು ಹೊರಳುತ್ತದೆ, ಆದರೆ ಮೆಲ್ಲಗೆ ತಳ್ಳಬೇಕು, ಅವಸರ ಮಾಡಿದರೆ ಗೆರೆ ಬಿಟ್ಟು ಅಲೆಯುತ್ತದೆ. ಹಲ್ಲು ಒತ್ತಾಗಿದ್ದರೆ ನಯ, ಆದರೆ ನಿಧಾನ. ಬಿಡಿಯಾಗಿದ್ದರೆ ಬೇಗ, ಆದರೆ ಒರಟು. ಇಂಚಿಗೆ ಆರೋ, ಹತ್ತೋ? ಎಲ್ಲಕ್ಕೂ ಒಂದು ‘ಆದರೆ’ ಇತ್ತು. ಅಷ್ಟೂ ಕೇಳಿ ನಾನು, “ಇದು ಬೇರೆ ಬಣ್ಣದಲ್ಲಿ ಸಿಗುತ್ತದೆಯೇ?” ಎಂದುಬಿಟ್ಟೆ. ದೇವರೇ, ಯಾಕೆ ಹಾಗೆ ಕೇಳಿದೆನೋ ಈಗಲೂ ಗೊತ್ತಿಲ್ಲ.

ಒಂದು ಮಾತ್ರ ಅರ್ಥವಾಗಿತ್ತು. ಅಗಲದ್ದನ್ನೇ ಒಯ್ದರೆ ಗಿಳಿ ಆಗುವುದಿಲ್ಲ. ಗಿಳಿ ಆಗದೆ ತೊಟ್ಟಿಲು ನಿಲ್ಲುವುದಿಲ್ಲ. ‘ಅಯ್ಯೋ, ನನಗೆ ಗೊತ್ತಾಗಲಿಲ್ಲ ರೀ’ ಎಂದರೆ ನಂಬುತ್ತಾರೆ. ಇಂಥ ವಿಷಯದಲ್ಲಿ ನನ್ನ ಅಜ್ಞಾನಕ್ಕೆ ಮನೆಯಲ್ಲಿ ಒಳ್ಳೆಯ ಹೆಸರಿದೆ. ಮಗು ಬರುವವರೆಗೆ ತಳ್ಳಿಕೊಂಡು ಹೋಗಬಹುದು. ಕೈ ಅಗಲದ ಸುರುಳಿಯ ಮೇಲೆಯೇ ಇತ್ತು. ಅಷ್ಟರಲ್ಲಿ, ಮುಖದ ಮುಂದೆ ಹತ್ತು ಬೆರಳು ಹಿಡಿದು ನೋಡಿಕೊಳ್ಳುತ್ತಿದ್ದ ಇವರು ಕಣ್ಣಿಗೆ ಬಂದರು. ಇವರು ಕಾಯುವವರಲ್ಲ. ಅಗಲದ ಬ್ಲೇಡಿನಲ್ಲೇ ಕುತ್ತಿಗೆ ತಿರುಗಿಸಲು ಇನ್ನೊಮ್ಮೆ ನೋಡುತ್ತಾರೆ. ಇನ್ನೊಮ್ಮೆ ಕಡಿಯುವುದು ಬ್ಲೇಡೇ ಆಗಬೇಕೆಂದೇನಿದೆ?

ಕಾಲು ಇಂಚಿನದು, ಆರು ಹಲ್ಲಿನದು ತೆಗೆದುಕೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸರಿ ಮಾಡಿದೆನೋ ತಪ್ಪು ಮಾಡಿದೆನೋ ತಿಳಿಯಲಿಲ್ಲ. ಒಂದು ಸ್ಟಾಪು ಮುಂದೆ ಹೋಗಿ ಇಳಿದೆ.

ಏಪ್ರಿಲ್ಲಿನ ಸಂಜೆ, ಬೆಳಕು ಇನ್ನೂ ಇತ್ತು. ಇವರು ಬಟ್ಟೆ ಕೂಡ ಬದಲಿಸದೆ ಬ್ಲೇಡು ಏರಿಸಿದರು. “ಮೆಲ್ಲಗೆ ತಳ್ಳಬೇಕಂತೆ,” ಎಂದು ಬಾಗಿಲಲ್ಲೇ ನಿಂತೆ. ಬ್ಲೇಡು ಇದ್ದಲ್ಲೇ ಇತ್ತು, ಹಲಗೆ ಹೊರಳಿತು. ಅತ್ತೆಯ ಬದನೆಕಾಯಿಯ ಹಾಗೆ. ಮೊದಲು ಕೊಕ್ಕು, ಆಮೇಲೆ ಕುತ್ತಿಗೆ. ಸುಟ್ಟ ವಾಸನೆ ಬರಲಿಲ್ಲ. ಇನ್ನೊಂದು ಗಿಳಿಯೂ ಆದ ಮೇಲೆ, ಹಲಗೆಗಳನ್ನೆಲ್ಲ ಹಿತ್ತಲಿಗೆ ತಂದು, ಅಂಟು ಹಚ್ಚದೆ ಬರಿದೇ ಜೋಡಿಸಿ ನಿಲ್ಲಿಸಿದರು.

“ಹೆಂಗದ?”

“ಚೆನ್ನಾಗಿದೆ ರೀ,” ಎಂದೆ. ನಿಜವಾಗಿಯೂ ಚೆನ್ನಾಗಿತ್ತು. ಆದರೆ ನನಗೆ ಗಿಳಿಗಳಿಗಿಂತ ಅವುಗಳ ನಡುವಿನ ಖಾಲಿ ಜಾಗವೇ ಕಾಣುತ್ತಿತ್ತು. ಇವರೂ ಅದನ್ನೇ ನೋಡುತ್ತಿದ್ದರೆಂದು ತೋರುತ್ತದೆ. ಅಂಚಿನ ಮೇಲೆ ಬೆರಳಾಡಿಸುತ್ತ ನಿಂತರು.

ಬೇಲಿಯಾಚೆ ಪಕ್ಕದ ಮನೆಯ ಜೋನ್ ಅಜ್ಜಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಕತ್ತು ಚಾಚಿ ನೋಡಿ, “ಓ, ಹೂವಿನ ಗಿಡಕ್ಕೆ ಪೆಟ್ಟಿಗೆಯಾ? ಮುದ್ದಾಗಿದೆ. ಆದರೆ ಹೀಗೆ ಖಾಲಿ ಬಿಡಬೇಡ ಡಿಯರ್, ಬೆಳಗಾಗುವಷ್ಟರಲ್ಲಿ ನರಿ ಬಂದು ಮರಿ ಹಾಕಿರುತ್ತದೆ. ಏನಾದರೂ ಭಾರದ್ದು ಇಟ್ಟುಬಿಡು,” ಎಂದರು.

ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ಒಳಗೆ ಹೋಗಿ, ಬಾಗಿಲಿಗಿಟ್ಟಿದ್ದ ಗುಂಡುಕಲ್ಲನ್ನು ಎತ್ತಿ ನಲ್ಲಿಯಡಿ ತೊಳೆದೆ. ಬೆಳಗಿನ ಅದೇ ಟವೆಲು ಕೈಗೆ ಸಿಕ್ಕಿತು, ಹಲ್ಲು ತಾಗಿ ಅಲ್ಲಲ್ಲಿ ಎಳೆ ಕಿತ್ತಿತ್ತು. ಅದರಲ್ಲೇ ಸುತ್ತಿ ತಂದು ಗಿಳಿಗಳ ನಡುವೆ ಮಲಗಿಸಿದೆ. ನಾಮಕರಣದ ದಿನ ಮಾಡುವುದನ್ನು ಇಷ್ಟು ಮುಂಚೆ ಮಾಡಬಹುದೇ, ಹೇಳಲು ಅತ್ತೆ ಇಲ್ಲ. ಇವರು ಬಗ್ಗಿ, ಟವೆಲಿನ ಅಂಚನ್ನು ಕಲ್ಲಿನ ಕೆಳಗೆ ಸಿಕ್ಕಿಸಿದರು.

ಜೋನ್ ಅಜ್ಜಿ ಕ್ಲಿಪ್ಪುಗಳನ್ನು ಬುಟ್ಟಿಗೆ ಹಾಕುತ್ತ ಇನ್ನೊಮ್ಮೆ ಇಣುಕಿದರು. “ಅಷ್ಟು ಸಾಕು ಬಿಡು. ಚಿಕ್ಕದೇ, ಆದರೂ ಗಟ್ಟಿ ಇದೆ.”