ಒಂದು ಬೆರಳಿನ ಪ್ರೋಗ್ರಾಮ್

ನಮ್ಮ ಭಾವನಿಗೆ ಮನೆಯಲ್ಲಿ ಇಟ್ಟಿದ್ದ ಹೆಸರು ‘ಒಂದೂವರೆ ಸ್ಟಾರ್’. ಇಟ್ಟವಳು ನನ್ನ ಅಕ್ಕ, ಅಂದರೆ ಅವರ ಹೆಂಡತಿಯೇ. ಭಾವ ಕಂಪ್ಯೂಟರಿನ ಚಿಲ್ಲರೆ ಪ್ರೋಗ್ರಾಮ್‌ಗಳನ್ನು ಹಾಕಿ ನೋಡಿ ಒಂದು ವೆಬ್‌ಸೈಟಿಗೆ ವಿಮರ್ಶೆ ಬರೆಯುತ್ತಿದ್ದರು. ದೊಡ್ಡವೇನಲ್ಲ. ರಾಶಿ ಫೋಟೊಗಳ ಹೆಸರನ್ನು ಒಟ್ಟಿಗೆ ಬದಲಿಸುವುದು, ಪರದೆಯ ಮೂಲೆಯಲ್ಲಿ ಗಡಿಯಾರ ಕೂರಿಸುವುದು, ಕಾಪಿ ಮಾಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವುದು, ಇಂಥವು. ಗುಮಾಸ್ತೆ ಕೆಲಸ ಮುಗಿಸಿ ಬಂದು ಚಹಾ ಲೋಟ ಹಿಡಿದು ಕೂತರೆಂದರೆ ಮನೆಗೆ ಬೆಂಕಿ ಬಿದ್ದರೂ ಏಳುವ ಪೈಕಿಯಲ್ಲ. ಐದರಲ್ಲಿ ಒಂದೂವರೆಗಿಂತ ಹೆಚ್ಚು ಸ್ಟಾರ್ ಅವರ ಕೈಯಿಂದ ಉದುರಿದ್ದನ್ನು ನಾನಂತೂ ಕಂಡಿಲ್ಲ.

ಪರೀಕ್ಷೆಗೆಂದೇ ಒಂದು ಹಳೆಯ ಕಂಪ್ಯೂಟರ್ ಇತ್ತು. ವಿಮರ್ಶೆ ಬರೆದು ಮುಗಿಸಿದ ಕೂಡಲೇ ಅದರಲ್ಲಿದ್ದದ್ದನ್ನೆಲ್ಲ ಅಳಿಸಿ, ಅಂಗಡಿಯಿಂದ ಈಗ ತಂದದ್ದೇನೋ ಎನ್ನುವಷ್ಟು ಖಾಲಿ ಮಾಡಿಡುತ್ತಿದ್ದರು.

“ಒಂದರ ಎಂಜಲು ಇನ್ನೊಂದಕ್ಕೆ ತಾಗಬಾರದು ನೋಡಮ್ಮ. ಆಮೇಲೆ ತೀರ್ಪು ಕೆಡುತ್ತೆ,” ಎನ್ನುತ್ತಿದ್ದರು.

“ಪಾತ್ರೆ ತೊಳೆಯೋದ್ರಲ್ಲಿ ಈ ಮುತುವರ್ಜಿ ಇದ್ದಿದ್ರೆ ನಮ್ಮಕ್ಕ ಬದುಕಿಕೊಳ್ತಿದ್ಲು ಭಾವ,” ಎಂದು ನಾನು ಕಾಲೆಳೆಯುತ್ತಿದ್ದೆ. ನನ್ನ ಹೊಲಿಗೆ ಅಂಗಡಿ ಅವರ ಮನೆಯ ಹಿಂದಿನ ಬೀದಿಯಲ್ಲೇ. ಮಧ್ಯಾಹ್ನದ ಊಟಕ್ಕೆ ದಿನಾ ಅಲ್ಲಿಗೇ ಹೋಗುತ್ತಿದ್ದೆ, ರಜಾದಿನಗಳಲ್ಲಿ ಸಂಜೆಯವರೆಗೂ ಅಲ್ಲೇ ಠಿಕಾಣಿ.

ಅಂಥ ಒಂದು ಭಾನುವಾರ ಭಾವ ಹಾಕಿ ನೋಡುತ್ತಿದ್ದ ಪ್ರೋಗ್ರಾಮ್ ನನಗೆ ಚೆನ್ನಾಗಿ ನೆನಪಿದೆ. ಪರದೆಯ ಮೇಲೆ ನಮ್ಮ ಅಕ್ಷರಗಳು ಒಂದೊಂದಾಗಿ ಬೆಳಗುತ್ತ ಹೋಗುತ್ತಿದ್ದವು. ಬೇಕಾದ ಅಕ್ಷರ ಬೆಳಗಿದಾಗ ಒಂದೇ ಒಂದು ಕೀ ಒತ್ತಿದರೆ ಅದು ಕೆಳಗೆ ಬಂದು ಕೂರುತ್ತಿತ್ತು. ಹಾಗೆ ಮಾತು ಮುಗಿದ ಮೇಲೆ ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ನಿಧಾನವೆಂದರೆ ಅಷ್ಟಿಷ್ಟಲ್ಲ, ಒಂದೊಂದು ಅಕ್ಷರದ ಮೇಲೂ ಎಷ್ಟೋ ಹೊತ್ತು ಕಾದು ನಿಲ್ಲುತ್ತಿತ್ತು.

“ಇದೇನ್ರೀ ಇದು, ಒಂದು ಅಕ್ಷರ ಬರೋಷ್ಟರಲ್ಲಿ ನಿದ್ದೆ ಬರುತ್ತೆ,” ಎಂದಳು ಅಕ್ಕ. ಬಟಾಣಿ ಬಿಡಿಸುತ್ತಿದ್ದವಳು ಎರಡೂ ಕೈ ಎತ್ತಿ ಬೆರಳುಗಳನ್ನು ಆಡಿಸಿದಳು. “ಹತ್ತು ಬೆರಳಿರೋರಿಗೆ ಇದು ಯಾಕಂತೆ? ಹಾಗೇ ಬರೀರಿ.”

ಭಾವ ಹೊಟ್ಟೆ ಹಿಡಿದು ನಕ್ಕರು, ಹಾಗೇ ಬರೆದರು. ಅದಕ್ಕೆ ಕೊಟ್ಟದ್ದು ಅರ್ಧ ಸ್ಟಾರ್. ಬರೆದಾದ ಮೇಲೆ ಎಂದಿನಂತೆ ಕಂಪ್ಯೂಟರನ್ನು ಅಳಿಸಿ ಖಾಲಿ ಮಾಡಿದರು. ಆ ವಿಮರ್ಶೆಯನ್ನು ಓದಿದವರೆಲ್ಲ ಮೆಚ್ಚಿಕೊಂಡರಂತೆ.

ಮುಂದಿನ ವರ್ಷ ಅಕ್ಕ ಸ್ನಾನದ ಮನೆಯಲ್ಲಿ ಕುಸಿದು ಬಿದ್ದಳು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅವಳಲ್ಲಿ ಉಳಿದಿದ್ದದ್ದು ಕಣ್ಣು, ಬುದ್ಧಿ, ಬಲಗೈಯ ತೋರುಬೆರಳು. ಮಾತು ಪೂರ್ತಿ ಹೋಗಿತ್ತು. ವಟವಟ ಎನ್ನುತ್ತಿದ್ದ ಜೀವ, ನಾನು ಜಗಳಕ್ಕೆ ನಿಂತರೆ ನನ್ನನ್ನೇ ಸೋಲಿಸುತ್ತಿದ್ದವಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಪರದೆ ಎಳೆಯಿರಿ ಎನ್ನಲೂ ಆಗದೆ ಮಲಗಿದ್ದಳು. ದೇವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆಸ್ಪತ್ರೆಯ ನರ್ಸಮ್ಮ ಒಂದು ಉಪಾಯ ಹೇಳಿಕೊಟ್ಟಿದ್ದರು. ಅವಳ ಬೆರಳನ್ನು ನನ್ನ ಅಂಗೈಯಲ್ಲಿ ಇಟ್ಟುಕೊಂಡು ನಾನು ಅಕ್ಷರಮಾಲೆ ಹೇಳುತ್ತ ಹೋಗಬೇಕು, ಬೇಕಾದ ಅಕ್ಷರಕ್ಕೆ ಅವಳು ತಟ್ಟಬೇಕು. ‘ನೀರು’ ಅನ್ನಿಸುವಷ್ಟರಲ್ಲಿ ನನ್ನ ಗಂಟಲೇ ಒಣಗುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಎಷ್ಟೋ ಸಲ ಅವಳು ತಟ್ಟುವ ಮೊದಲೇ ಮುಂದಿನ ಅಕ್ಷರಕ್ಕೆ ಹಾರಿಬಿಡುತ್ತಿದ್ದೆ. ಆಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಭಾವ ರಜೆ ಹಾಕಿ, ಸಿಕ್ಕಿದ ಪ್ರೋಗ್ರಾಮ್‌ಗಳನ್ನೆಲ್ಲ ತಂದು ಅವಳ ಮುಂದೆ ಹಾಕಿದರು. ಒಂದರಲ್ಲಿ ನಮ್ಮ ಅಕ್ಷರಗಳೇ ಇರಲಿಲ್ಲ. ಇನ್ನೊಂದು ಅವಳ ಬೆರಳು ಕದಲುವಷ್ಟರಲ್ಲಿ ಮೂರು ಸಾಲು ದಾಟಿಹೋಗುತ್ತಿತ್ತು. ಮತ್ತೊಂದಕ್ಕೆ ಕತ್ತು ಅಲ್ಲಾಡಿಸಬೇಕಂತೆ, ಕತ್ತು ಅಲ್ಲಾಡಿದ್ದರೆ ಇಂಥ ಪ್ರೋಗ್ರಾಮನ್ನು ಯಾರು ಕೇಳುತ್ತಿದ್ದರು? ಭಾವ ಪಕ್ಕದಲ್ಲಿ ಕೂತು, “ಇನ್ನೊಂದ್ಸಲ ಕಣೇ, ಇನ್ನೊಂದೇ ಸಲ,” ಎನ್ನುತ್ತಿದ್ದರು. ಅವಳ ಕಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ನನ್ನ ಅಂಗೈಯಲ್ಲಿ ಬಹಳ ಹೊತ್ತು ತಟ್ಟಿದಳು. ಒಂ. ದು. ಬೆ. ರ. ಳು. ನನಗೆ ತಲೆಬುಡ ಅರ್ಥವಾಗಲಿಲ್ಲ. “ಬೆರಳು ನೋಯ್ತಿದ್ಯಾ?” ಎಂದೆ. ಇಲ್ಲವೆಂದು ಎರಡು ಸಲ ಕಣ್ಣು ಮಿಟುಕಿಸಿದಳು. ಮತ್ತೆ ತಟ್ಟಿದಳು: ನಿದ್ದೆ.

ಬಾಗಿಲಲ್ಲಿ ನಿಂತಿದ್ದ ಭಾವನ ಮುಖ ಬೆಳಗಿತು. “ಅಯ್ಯೋ, ಅದು! ಅದೇ ಕಣೇ! ಅದು ಕಾಯ್ತಾ ಇತ್ತು, ಎಷ್ಟು ಹೊತ್ತಾದ್ರೂ ಕಾಯ್ತಾ ಇತ್ತು! ನನಗೆ ಯಾಕೆ ಹೊಳೀಲಿಲ್ಲ?” ಎಂದು ಮಗುವಿನ ಹಾಗೆ ಕಂಪ್ಯೂಟರಿನ ಕೋಣೆಗೆ ಓಡಿದರು.

ಇಂಟರ್ನೆಟ್ಟಿನಲ್ಲಿದ್ದ ಆ ಪ್ರೋಗ್ರಾಮಿನ ಪುಟವೇ ಹೋಗಿತ್ತು. ಪರೀಕ್ಷೆಯ ಕಂಪ್ಯೂಟರ್ ಅವರೇ ತೊಳೆದಿಟ್ಟ ಪಾತ್ರೆ, ಅದರಲ್ಲಿ ಏನಿರುತ್ತದೆ? ತಮ್ಮಂತೆಯೇ ವಿಮರ್ಶೆ ಬರೆಯುವ ಗೆಳೆಯರನ್ನೆಲ್ಲ ಕೇಳಿದರು. “ನೀವು ಅರ್ಧ ಸ್ಟಾರ್ ಕೊಟ್ಟಿದ್ದನ್ನ ನಾವ್ಯಾಕೆ ಮುಟ್ಟೋಣ ಸಾರ್?” ಎಂದರಂತೆ ಅವರು. ಕೊನೆಗೆ ಹೇಗೋ ಅದನ್ನು ಮಾಡಿದವನ ಫೋನ್ ನಂಬರ್ ಸಿಕ್ಕಿತು. ಅಡುಗೆಮನೆಯಲ್ಲಿ ನನ್ನ ಎದುರೇ, ಸ್ಪೀಕರ್ ಹಾಕಿ ಮಾತಾಡಿದರು.

“ಅದಾ ಸಾರ್? ನಮ್ಮಪ್ಪನಿಗೋಸ್ಕರ ಮಾಡಿದ್ದು,” ಎಂದಿತು ಆ ಕಡೆಯ ದನಿ. “ಅವರ ಪಕ್ಕ ಕೂತು, ಅವರ ಬೆರಳು ನೋಡ್ತಾ ನೋಡ್ತಾ ಮಾಡಿದೆ. ಅವರು ಹೋದ್ಮೇಲೆ, ಇನ್ಯಾರಿಗಾದ್ರೂ ಆಗ್ಲಿ ಅಂತ ಹಾಕಿದ್ದೆ. ಯಾರೋ ದೊಡ್ಡ ವಿಮರ್ಶಕರು ಬರೆದ್ರು, ಹತ್ತು ಬೆರಳಿರೋರಿಗೆ ಇದು ಯಾಕೆ ಅಂತ. ಜನ ನಕ್ಕರು. ನಮ್ಮಪ್ಪನ್ನ ನೋಡಿ ನಕ್ಕ ಹಾಗಾಯ್ತು ಸಾರ್. ಎಲ್ಲಾ ತೆಗೆದುಬಿಟ್ಟೆ, ಒಂದು ಕಾಪಿನೂ ಇಟ್ಟುಕೊಳ್ಳಲಿಲ್ಲ.”

“ಇನ್ನೊಂದ್ಸಲ ಮಾಡೋಕೆ…” ಎಂದರು ಭಾವ.

“ಆಗಲ್ಲ ಸಾರ್. ಅದರ ಮುಂದೆ ಮತ್ತೆ ಕೂರೋಕೆ ನನ್ನ ಕೈಲಿ ಆಗಲ್ಲ. ನಿಮ್ಮ ಮನೆಯಲ್ಲಿ ಯಾರಿಗೆ ಹುಷಾರಿಲ್ಲ?”

ಭಾವ ಫೋನ್ ಇಟ್ಟರು. ಆ ವಿಮರ್ಶಕ ತಾನೇ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ನನಗೂ ಅವರನ್ನು ಬೈಯಲು ಬಾಯಿ ಬರಲಿಲ್ಲ, ಆ ಮಾತು ಹುಟ್ಟಿದ್ದು ನಮ್ಮಕ್ಕನ ನಾಲಿಗೆಯಲ್ಲಿ ತಾನೇ. ಒಲೆಯ ಮೇಲೆ ಗಂಜಿ ಉಕ್ಕಿ ಹರಿಯಿತು. ಆರಿಸಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಆಮೇಲೆ ಅವರು ಮುಖ ತೊಳೆದುಕೊಂಡು ಅಕ್ಕನ ಕೋಣೆಗೆ ಹೋದರು. ನಾನೂ ಹಿಂದೆಯೇ ಹೋದೆ. ಅವಳ ಕಣ್ಣು ಬಾಗಿಲಲ್ಲೇ ನೆಟ್ಟಿತ್ತು.

“ಸಿಕ್ತು ಕಣೇ,” ಎಂದರು ಭಾವ. “ಆ ಹುಡುಗ ಹುಡುಕಿ ಕಳಿಸ್ತಾನಂತೆ. ಸ್ವಲ್ಪ ದಿನ, ಅಷ್ಟೇ.”

ಅವರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ. ಅಷ್ಟರಲ್ಲಿ ಅಕ್ಕನ ಬೆರಳು ಹಾಸಿಗೆಯ ಮೇಲೆ ತಟತಟ ಆಡಿತು. ಅವಳು ನಗುತ್ತಿದ್ದಾಳೆಂದು ನಮಗೆ ಗೊತ್ತಾಗುತ್ತಿದ್ದದ್ದೇ ಹಾಗೆ. ನಾನು ಬಾಯಿ ಮುಚ್ಚಿಕೊಂಡೆ.

ಈಗ ಅಂಗಡಿಯ ಬಾಗಿಲು ತೆರೆಯುವ ಮೊದಲು ದಿನಾ ಅವಳ ತಲೆ ಬಾಚಲು ಹೋಗುತ್ತೇನೆ. ಭಾವ ಹಳೆಯ ಕೀಬೋರ್ಡೊಂದನ್ನು ಅವಳ ಕೈಯಡಿ ಇಟ್ಟಿದ್ದಾರೆ, ಅದಕ್ಕೆ ಯಾವ ಕಂಪ್ಯೂಟರೂ ಇಲ್ಲ. ಬಾಚಿ ಮುಗಿಸಿದ ಮೇಲೆ ಅವಳು ಕಣ್ಣಿನಲ್ಲೇ ಅದನ್ನು ತೋರಿಸುತ್ತಾಳೆ. ನಾನು ಅವಳ ಬೆರಳನ್ನು ಎತ್ತಿ ಉದ್ದನೆಯ ಕೀ ಮೇಲೆ ಇಡುತ್ತೇನೆ. ಪ್ರೋಗ್ರಾಮ್ ಬರುವಷ್ಟರಲ್ಲಿ ಅಭ್ಯಾಸ ತಪ್ಪಬಾರದೆಂದು ಅವಳು ಒತ್ತುತ್ತಲೇ ಇರುತ್ತಾಳೆ.