ಅಳಿಸಿಹಾಕಿದ ಎಚ್ಚರಿಕೆ

ಇಂಥ ಅನುಭವಗಳನ್ನು ಬರೆದವರನ್ನು ನಾನು ಎಷ್ಟೋ ಸಲ ಗೇಲಿ ಮಾಡಿದ್ದೇನೆ. ಸತ್ತವರು ಬಾಗಿಲು ತಟ್ಟಿದರು, ಯಾರೋ ಹೆಸರು ಹಿಡಿದು ಕೂಗಿದರು ಎಂದು ಓದಿದಾಗಲೆಲ್ಲ, ಪಾಪ, ಬರೆದವರಿಗೆ ಜ್ವರ ಬಂದಿರಬೇಕು ಎಂದುಕೊಂಡು ಪುಟ ತಿರುಗಿಸುತ್ತಿದ್ದೆ. ಪಾಂಡವಪುರದಲ್ಲಿ ಕಂಪ್ಯೂಟರ್ ಡಿಗ್ರಿ ಓದಿದವನು ನಾನು. ಯಂತ್ರ ಏನು ಮಾಡಿದರೂ ಅದಕ್ಕೊಂದು ಕಾರಣ ಇರುತ್ತದೆ, ಆ ಕಾರಣ ಎಲ್ಲೋ ಒಂದು ಸಾಲಿನಲ್ಲಿ ದಾಖಲಾಗಿರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎಂದು ನಂಬಿದವನು. ಈಗ ಹೇಳಲಿರುವ ಸಂಗತಿಗೆ ಮಾತ್ರ ಆ ಸಾಲು ಇನ್ನೂ ಸಿಕ್ಕಿಲ್ಲ. ನಾಲ್ಕು ವರ್ಷದಿಂದ ಹುಡುಕುತ್ತಿದ್ದೇನೆ.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಹೇಮಾವತಿ ಹೊಳೆಯ ದಂಡೆಯ ಒಂದು ಸಣ್ಣ ವಿದ್ಯುತ್ ಘಟಕದಲ್ಲಿ ನನಗೆ ಕೆಲಸ. ಘಟಕದ ಹೆಸರು ಇಲ್ಲಿ ಬೇಡ, ಆದ ತಪ್ಪು ನನ್ನೊಬ್ಬನದೇ. ಗೇಟು ತೆಗೆದು ನೀರು ಬಿಡುವಾಗ ಕೆಳಗಿನ ಹಳ್ಳಿಗಳಿಗೆ ತಿಳಿಸಬೇಕು. ಗೇಟಿನ ಹತ್ತಿರದ ಸೈರನ್ನು ಒಂದು ಮೈಲಿಯಾಚೆ ಕೇಳುವುದಿಲ್ಲ. ಅದಕ್ಕೆ ನಮ್ಮ ಕೋಣೆಯ ಲಿನಕ್ಸ್ ಕಂಪ್ಯೂಟರು ಹಳ್ಳಿಯವರ ಮೊಬೈಲುಗಳಿಗೆ ತಾನಾಗಿಯೇ ಕರೆ ಮಾಡಿ, ಒಬ್ಬ ಹೆಂಗಸಿನ ಧ್ವನಿಯಲ್ಲಿ ಮೊದಲೇ ಧ್ವನಿಮುದ್ರಿಸಿಟ್ಟ ಎಚ್ಚರಿಕೆಯನ್ನು ಕೇಳಿಸುತ್ತಿತ್ತು. ಮೇಲೆ ಗೇಟಿನ ಬಳಿ ಆಪರೇಟರ್ ಸಿದ್ದರಾಜಣ್ಣ ಗುಂಡಿ ಒತ್ತಿದರೆ ಸಾಕು. ಆ ಧ್ವನಿ, ನಂಬರುಗಳ ಪಟ್ಟಿ, ಕರೆ ಮಾಡುವ ಪ್ರೋಗ್ರಾಂ ಎಲ್ಲವೂ ಒಂದೇ ಡೈರೆಕ್ಟರಿಯಲ್ಲಿ ಇದ್ದವು. ಡೈರೆಕ್ಟರಿ ಎಂದರೆ ಕಡತಗಳನ್ನು ತುಂಬಿಡುವ ಪೆಟ್ಟಿಗೆ ಎಂದುಕೊಳ್ಳಿ.

ಆ ಪಟ್ಟಿಯಲ್ಲಿ ನನ್ನ ಅಕ್ಕ ಪುಟ್ಟಲಕ್ಷ್ಮಿಯ ನಂಬರೂ ಇತ್ತು. ನಾವು ನಾಗಮಂಗಲದ ಕಡೆಯವರು. ಬೋರ್‌ವೆಲ್ ನೀರಲ್ಲಿ ಬೆಳೆದ ಅಕ್ಕನಿಗೆ ಈಜು ಬಾರದು. ಘಟಕದಿಂದ ನಾಲ್ಕೈದು ಮೈಲಿ ಕೆಳಗಿನ ಹೊಳೆದಂಡೆಯ ಊರಿಗೆ ಅವಳನ್ನು ಕೊಟ್ಟಿದ್ದೇವೆ. ಅಲ್ಲಿ ಮಾರ್ನಾಮಿ ಬಂತೆಂದರೆ, ಹಿರಿಯರಿಗೆ ಎಡೆ ಇಡುವ ಮುಂಚೆ ಮನೆಯ ಕಂಬಳಿ, ದುಪ್ಪಟಿ, ಚಾಪೆ ಎಲ್ಲವನ್ನೂ ಹೊಳೆಯಲ್ಲೇ ಒಗೆಯಬೇಕು. ನಲ್ಲಿ ನೀರು ನಡೆಯದು, ಹರಿಯುವ ನೀರೇ ಆಗಬೇಕು. ಆ ನಾಲ್ಕಾರು ದಿನ ಹೆಂಗಸರೆಲ್ಲ ಸೊಂಟದ ತನಕ ನೀರಿಗಿಳಿದು ಕಲ್ಲಿನ ಮೇಲೆ ಕಂಬಳಿ ಬಡಿಯುತ್ತಿರುತ್ತಾರೆ. ಅವತ್ತು ಅಕ್ಕನೂ ಹೋಗುತ್ತಾಳೆಂದು ನನಗೆ ಗೊತ್ತಿತ್ತು. ಹಿಂದಿನ ಸಂಜೆ ಫೋನಿನಲ್ಲಿ ಅವಳೇ ಹೇಳಿದ್ದಳು.

ನಾನೂ ಹಬ್ಬಕ್ಕೆ ಊರಿಗೆ ಹೊರಡುವ ತರಾತುರಿಯಲ್ಲಿದ್ದೆ. ಘಟಕಕ್ಕೆ ಹೊಸ ಕಂಪ್ಯೂಟರು ಬಂದು ತಿಂಗಳಾಗಿತ್ತು. ಹಳೆಯದರಲ್ಲಿ ಇದ್ದುದನ್ನೆಲ್ಲ ಹೊಸದಕ್ಕೆ ನಕಲು ಮಾಡಿ, ಫೋನಿನ ಸಂಪರ್ಕವನ್ನೂ ಹೊಸದಕ್ಕೇ ಕೊಟ್ಟಿದ್ದೆವು. ಹಳೆಯದನ್ನು ಖಾಲಿ ಮಾಡಿ ವಾಪಸು ಕಳಿಸುವುದಷ್ಟೇ ಉಳಿದಿತ್ತು. ನನ್ನ ಪರದೆಯ ಮೇಲೆ ಎರಡು ಕಪ್ಪು ಕಿಟಕಿಗಳು ಅಕ್ಕಪಕ್ಕ ತೆರೆದಿದ್ದವು, ಒಂದು ಹಳೆಯ ಯಂತ್ರದ್ದು, ಇನ್ನೊಂದು ಹೊಸದರದ್ದು. ಎರಡರಲ್ಲೂ ಡೈರೆಕ್ಟರಿಯ ಹೆಸರು ಒಂದೇ.

ಲಿನಕ್ಸಿನಲ್ಲಿ ಖಾಲಿ ಡೈರೆಕ್ಟರಿಯನ್ನು ಮಾತ್ರ ತೆಗೆಯುವ ಒಂದು ಆಜ್ಞೆ ಇದೆ. ಒಳಗೆ ಒಂದು ಚೂರು ಏನಾದರೂ ಉಳಿದಿದ್ದರೆ ಆಗುವುದಿಲ್ಲ ಎಂದು ಹಟ ಹಿಡಿಯುತ್ತದೆ. ಇನ್ನೊಂದು ಆಜ್ಞೆ ಇದೆ, ಆರ್‌ಎಂ. ಅದರ ಮುಂದೆ ಆರ್, ಎಫ್ ಎಂಬ ಎರಡಕ್ಷರ ಸೇರಿಸಿದರೆ ಒಳಗಿದ್ದುದೆಲ್ಲವನ್ನೂ ಒಟ್ಟಿಗೆ ಅಳಿಸುತ್ತದೆ. ಹೌದೋ ಅಲ್ಲವೋ ಎಂದು ಕೇಳುವುದಿಲ್ಲ. ಕಸದ ಬುಟ್ಟಿಯಲ್ಲೂ ಇಡುವುದಿಲ್ಲ. ನನಗೆ ಈ ಎರಡನೆಯದರ ಮೇಲೆಯೇ ಪ್ರೀತಿ. ಒಂದು ಸಾಲು ಬಡಿದು ಎಂಟರ್ ಒತ್ತಿದರೆ ಕೆಲಸ ಮುಗಿಯಿತು ಎಂಬ ಜಂಬ ಬೇರೆ. ಅವತ್ತು ಹತ್ತೂ ಮುಕ್ಕಾಲಿಗೆ ಹಾಗೆಯೇ ಒತ್ತಿದೆ, ಎದ್ದು ಟೀ ಕುಡಿಯಲು ಹೋದೆ.

ಟೀ ಅಂಗಡಿಯಲ್ಲಿ ಹರಟೆ ಹೊಡೆಯುತ್ತ ಕೂತಿದ್ದಾಗಲೇ ಹನ್ನೊಂದಕ್ಕೆ ಸರಿಯಾಗಿ ಸೈರನ್ನು ಕೂಗಿತು. ಗೇಟು ತೆಗೆದರು ಎಂದುಕೊಂಡೆ. ಎಚ್ಚರಿಕೆಯ ಕರೆಗಳು ಹೋಗುತ್ತಿರುತ್ತವೆ ಎಂಬ ಧೈರ್ಯದಲ್ಲಿ ಇನ್ನೊಂದು ಟೀ ಹೇಳಿದೆ. ಕೋಣೆಗೆ ಮರಳಿದಾಗ ಹನ್ನೊಂದು ಇಪ್ಪತ್ತೈದು. ಎಷ್ಟು ಜನಕ್ಕೆ ಕರೆ ಹೋಯಿತೆಂದು ನೋಡಲು ಹೊಸ ಯಂತ್ರದ ಕಿಟಕಿಯಲ್ಲಿ ಡೈರೆಕ್ಟರಿಯ ಹೆಸರು ಬಡಿದೆ. ಅಂಥದೊಂದು ಇಲ್ಲ ಎಂದಿತು. ಮತ್ತೆ ಬಡಿದೆ. ಇಲ್ಲ. ಪಕ್ಕದ ಕಿಟಕಿಯಲ್ಲಿ, ಅಳಿಸಬೇಕಾಗಿದ್ದ ಹಳೆಯ ಯಂತ್ರದಲ್ಲಿ, ಎಲ್ಲವೂ ಇದ್ದಂತೆಯೇ ಇತ್ತು.

ಆಜ್ಞೆಯನ್ನು ನಾನು ತಪ್ಪು ಕಿಟಕಿಯಲ್ಲಿ ಬಡಿದಿದ್ದೆ, ಒಂದು ಕರೆಯೂ ಹೋಗಿರಲಿಲ್ಲ. ಮೇಲಕ್ಕೆ ಫೋನು ಮಾಡಿ ಗೇಟು ಹಾಕಿಸಿದೆ. ‘ಆಕ್ತೀನಿ ಕಣ್ಲಾ, ಆದ್ರೆ ಬುಟ್ಟಿರೋ ನೀರ್ನ ಎಂಗ್ಲಾ ಇಡ್ಕಳಾದು?’ ಎಂದರು ಸಿದ್ದರಾಜಣ್ಣ. ಬಿಟ್ಟ ನೀರು ಅಕ್ಕನ ಊರಿನ ಹೊಳೆಮೆಟ್ಟಿಲು ಮುಟ್ಟಲು ಅರ್ಧ ಗಂಟೆ ಸಾಕು. ಅಂದರೆ ಇನ್ನು ಉಳಿದದ್ದು ಐದು ನಿಮಿಷ. ಅಕ್ಕನಿಗೆ ಫೋನು ಮಾಡುವುದು ಆ ಗಾಬರಿಯಲ್ಲಿ ತೋಚಲೇ ಇಲ್ಲ, ಬೈಕು ಹತ್ತಿ ಹೊಳೆಯ ಏರಿಯ ಮೇಲೆ ಓಡಿಸಿದೆ. ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ ಅಕ್ಕನ ನಂಬರು ಒತ್ತಿದಾಗ ಹನ್ನೊಂದು ಮೂವತ್ತೈದು. ರಿಂಗಾಯಿತು, ಎತ್ತಲಿಲ್ಲ. ಎತ್ತದ ಫೋನಿಗೆ ನಾನು ಹುಚ್ಚನ ಹಾಗೆ ಅಳುತ್ತ ಕೂಗಿದೆ. ‘ಅಕ್ಕಾ, ಕಂಬ್ಳಿ ಒಳೆಗೋಗ್ಲಿ, ನೀನು ಮ್ಯಾಕತ್ತು! ಎಲ್ರೂ ಕರ್ಕಂಡು ಮ್ಯಾಕತ್ತು!’ ರಿಂಗು ನಿಂತುಹೋಯಿತು.

ಊರು ಮುಟ್ಟಿದಾಗ ಮೆಟ್ಟಿಲುಗಳು ಕಾಣುತ್ತಿರಲಿಲ್ಲ. ಒಗೆಯುವ ಕಲ್ಲುಗಳ ಮೇಲೆ ಆಳುದ್ದ ಕೆಂಪು ನೀರು ಸುತ್ತಿಕೊಂಡು ಹರಿಯುತ್ತಿತ್ತು. ಬೈಕನ್ನು ಅಲ್ಲೇ ಬಿಸಾಡಿ ಓಡಿದೆ. ಏರಿಯ ಮೇಲಿನ ಹೊಂಗೆಮರದ ಕೆಳಗೆ ಏಳೆಂಟು ಹೆಂಗಸರು ಒದ್ದೆ ಸೀರೆಯಲ್ಲಿ ಕೂತಿದ್ದರು. ನಡುವೆ ಅಕ್ಕ, ಕಂಬಳಿ ಹಿಂಡುತ್ತಿದ್ದಳು.

‘ಬಂದ ನೋಡ್ರವ್ವ ನನ್ ತಮ್ಮ’ ಎಂದಳು. ಪಕ್ಕದಲ್ಲಿದ್ದ ನಿಂಗಮ್ಮ ಎಂಬ ಅಜ್ಜಿ ನನ್ನನ್ನು ಕಂಡದ್ದೇ ತಡ, ‘ನನ್ ದುಪ್ಟಿ ಒಳೆ ಪಾಲಾಯ್ತಲ್ಲೋ ಅಪ್ಪಯ್ಯ! ನಿನ್ ಕಂಪ್ನೀಲಿ ಒಸಾದು ಕೊಡಿಸ್ತಾರೇನ್ಲಾ?’ ಎಂದಳು. ಎಲ್ಲರೂ ನಕ್ಕರು. ನಾನು ಅವರ ಎದುರು ನೆಲದ ಮೇಲೆ ಕೂತೆ.

‘ನೀರಿಂದ ಯಾರು ಎಬ್ಬಿಸಿದ್ರು ನಿಮ್ಮನ್ನ?’ ಎಂದು ಕೇಳಿದೆ.

‘ಯಾರಾ? ನೀನೇ ಅಲ್ವೇನ್ಲಾ ಫೋನ್ ಮಾಡಿದ್ದು!’ ಎಂದಳು ಅಕ್ಕ. ‘ಕಂಪ್ನಿ ಫೋನ್ ಆಗಿದ್ರೆ ಕಟ್ ಮಾಡ್ಬುಡ್ತಿದ್ದೆ. ಆ ವಮ್ಮ ಸಾರ್ವಜನಿಕರೇ ಸಾರ್ವಜನಿಕರೇ ಅಂತ ದಿನಾ ಕೊರೀತಾಳೆ, ಯಾರ್ ಕೇಳ್ತಾರೆ? ತಮ್ಮ ಅಂತ ಬಂತಲ್ಲ, ಅದ್ಕೆ ನೀರಿಂದ ಎದ್ದು ಬಂದೆ. ಕಂಬ್ಳಿ ಒಳೆಗೋಗ್ಲಿ ಮ್ಯಾಕತ್ತು ಅಂತ ಬಡ್ಕಂಡೆಯಲ್ಲ, ಅದ್ಯಾಕ್ಲಾ ಅಂಗೆ ಅಳ್ತಿದ್ದೆ?’

ಅವಳ ಫೋನನ್ನು ಕೈಗೆ ತೆಗೆದುಕೊಂಡು ನೋಡಿದೆ. ನನ್ನ ನಂಬರಿನಿಂದ ಬಂದ ಕರೆ, ಹನ್ನೊಂದು ಹತ್ತು, ಮುಕ್ಕಾಲು ನಿಮಿಷ ಮಾತಾಡಿದ ಲೆಕ್ಕ. ಹನ್ನೊಂದು ಮೂವತ್ತೈದರ ಕರೆ ಅದರಲ್ಲಿ ಇರಲೇ ಇಲ್ಲ. ನನ್ನ ಫೋನಿನಲ್ಲಿ ಇದ್ದದ್ದು ಮೂವತ್ತೈದರ ಕರೆ ಒಂದೇ, ಅದೂ ಅವಳು ಎತ್ತದ ಕರೆ. ಎರಡು ಫೋನುಗಳನ್ನೂ ಅಕ್ಕಪಕ್ಕ ಹಿಡಿದು ಗಡಿಯಾರ ನೋಡಿದೆ. ನಿಮಿಷಕ್ಕೆ ನಿಮಿಷ ಸರಿಯಾಗಿತ್ತು.

ಓದುವವರಿಗೆ ಬರಬಹುದಾದ ಅನುಮಾನಗಳೆಲ್ಲ ನನಗೂ ಬಂದಿವೆ. ಹಳೆಯ ಯಂತ್ರವೇ ಕರೆ ಮಾಡಿತೆ? ಅದಕ್ಕೆ ಫೋನಿನ ಸಂಪರ್ಕವಿರಲಿಲ್ಲ, ಅದರಲ್ಲಿದ್ದದ್ದು ನನ್ನ ಧ್ವನಿಯೂ ಅಲ್ಲ. ಟೀ ಅಂಗಡಿಯಿಂದ ನಾನೇ ಮಾಡಿ ಮರೆತೆನೆ? ಹನ್ನೊಂದು ಹತ್ತರಲ್ಲಿ ನನಗೆ ತಪ್ಪು ಆಗಿದೆಯೆಂದೇ ಗೊತ್ತಿರಲಿಲ್ಲ. ಬೋಂಡಾ ಮೆಲ್ಲುತ್ತ ನಗುತ್ತಿದ್ದೆ, ಜೊತೆಗಿದ್ದವರು ಈಗಲೂ ಅದನ್ನೇ ಹೇಳುತ್ತಾರೆ. ಕರೆ ಬಂದದ್ದೇ ಹನ್ನೊಂದು ಮೂವತ್ತೈದಕ್ಕೆ, ಅಕ್ಕನ ಫೋನು ಸಮಯ ತಪ್ಪು ತೋರಿಸಿತು ಎನ್ನೋಣವೆಂದರೆ, ಆ ಹೊತ್ತಿಗೆ ಅವರು ನಿಂತಿದ್ದ ಜಾಗದಲ್ಲಿ ಆಳುದ್ದ ನೀರಿತ್ತು. ಸಿಮ್ ಕಂಪನಿಗೆ ಅರ್ಜಿ ಹಾಕಿ ನನ್ನ ಕರೆಗಳ ಪಟ್ಟಿ ತರಿಸಿದೆ. ಅದರಲ್ಲೂ ಹನ್ನೊಂದು ಹತ್ತರ ಕರೆ ಇಲ್ಲ. ಆ ಹೊತ್ತಿಗೆ ಅವಳು ಕೇಳಿಸಿಕೊಂಡ ಮಾತುಗಳನ್ನು ನಾನು ಆಡಿದ್ದು ಇಪ್ಪತ್ತೈದು ನಿಮಿಷ ಆಮೇಲೆ.

ಮೇಲಧಿಕಾರಿಗೆ ನಡೆದದ್ದನ್ನು ಬರೆದುಕೊಟ್ಟೆ, ಡೈರೆಕ್ಟರಿ ಅಳಿಸಿದ್ದನ್ನು ಮಾತ್ರ. ಬೈಗುಳ ತಿಂದೆ, ಕೆಲಸ ಉಳಿಯಿತು. ಈಗ ಯಾವುದನ್ನು ಅಳಿಸಬೇಕಾದರೂ ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿ, ಯಂತ್ರದ ಹೆಸರನ್ನು ಗಟ್ಟಿಯಾಗಿ ಓದಿ, ಆಮೇಲೆ ಬೆರಳು ಇಡುತ್ತೇನೆ. ಜೊತೆಯವರು ನಗುತ್ತಾರೆ. ಊರವರಿಗೆಲ್ಲ ಅಕ್ಕ ಇವತ್ತಿಗೂ ‘ನನ್ ತಮ್ಮ ಉಳಿಸ್ದ’ ಎಂದು ಹೇಳಿಕೊಂಡು ತಿರುಗುತ್ತಾಳೆ. ಅವಳನ್ನು ಕೊಲ್ಲಲು ಹೊರಟವನೂ ನಾನೇ ಎಂದು ಹೇಳಲು ಇನ್ನೂ ಬಾಯಿ ಬಂದಿಲ್ಲ.

ಆದರೆ ನಿದ್ದೆ ಕೆಡಿಸುವುದು ಅದಲ್ಲ, ಯಾರಿಗೂ ಹೇಳದ ಇನ್ನೊಂದು ವಿಷಯ. ಏರಿಯ ಮೇಲೆ ಬೈಕು ನಿಲ್ಲಿಸಿ ಗಡಿಯಾರ ನೋಡಿದಾಗ, ನೀರು ಆಗಲೇ ಮೆಟ್ಟಿಲು ದಾಟಿ ಐದು ನಿಮಿಷವಾಗಿದೆ, ಇನ್ನು ಫೋನು ಮಾಡಿ ಏನು ಬಂತು ಎಂದು ಮೊಬೈಲನ್ನು ಜೇಬಿಗೆ ಹಾಕಿಕೊಂಡಿದ್ದೆ. ಬೈಕು ಗೇರಿಗೂ ಬಿದ್ದಿತ್ತು. ಮತ್ತೆ ಯಾಕೆ ಅದನ್ನು ಹೊರಗೆ ತೆಗೆದೆ ಎಂದು ಎಷ್ಟು ನೆನಪಿಸಿಕೊಂಡರೂ ಹೊಳೆಯುವುದಿಲ್ಲ. ತೆಗೆಯದೆ ಹೋಗಿದ್ದರೆ, ಆ ಹೊಂಗೆಮರದ ಕೆಳಗೆ ನನಗೆ ಯಾರು ಸಿಗುತ್ತಿದ್ದರು?