ಟೋಳಿ ಎಂಬ ಎರಡಕ್ಷರ

ನಾನು ಹುಟ್ಟಾ ಅಂಜುಬುರುಕ. ಬಾಗಿಲ ಚಿಲಕ ಹಾಕಿ ಬಂದು ಕೂತು, ಹಾಕಿದೆನೋ ಇಲ್ಲವೋ ಎಂದು ಮತ್ತೆ ಎದ್ದು ನೋಡುವ ಪೈಕಿ. ಇಂಥವನ ಕೈಗೆ ಫೋನು ಸಿಕ್ಕರೆ ಏನಾಗುತ್ತದೆ ಎಂಬುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಬರೆಯಲಿಕ್ಕೂ ಅಂಜಿಕೆಯೇ ಆಯಿತು.

ಬೀದರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ನಾನು ಕರಡು ತಿದ್ದುತ್ತಿದ್ದೆ. ಬಗದಲ್‌ನಲ್ಲಿ ಬಾವಿ ಬತ್ತಿದರೂ, ಮನ್ನಳ್ಳಿಯಲ್ಲಿ ಎತ್ತು ಕಳುವಾದರೂ ಸುದ್ದಿ ನನ್ನ ಮೇಜು ದಾಟದೆ ಹೊರಗೆ ಹೋಗುತ್ತಿರಲಿಲ್ಲ. ಅಂಜುಬುರುಕನಿಗೆ ಹೇಳಿ ಮಾಡಿಸಿದ ಕೆಲಸ ಅದು. ಅನುಮಾನ ಬಂದರೆ ವರದಿಗಾರನಿಗೆ ಫೋನು ಹಚ್ಚುತ್ತಿದ್ದೆ, ಅವನು ಬೈದುಕೊಳ್ಳುತ್ತಲೇ ಮತ್ತೊಮ್ಮೆ ವಿಚಾರಿಸುತ್ತಿದ್ದ. ನಮ್ಮ ಸಂಪಾದಕರದು ಒಂದೇ ತಕರಾರು: "ಒಂದು ಮಾತಿನಾಗ ಮುಗಿಯೋದಕ್ಕ ಎರಡು ಮಾತು ಯಾಕ್ರೀ?" ಹಾಗಾಗಿ ಪದ ಕತ್ತರಿಸುವುದರಲ್ಲಿ ನನ್ನ ಕೈ ಪಳಗಿತ್ತು. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಮಾಂಜ್ರಾ ನದಿ ಬತ್ತಿ ಬರೀ ಮರಳು ಕಾಣುತ್ತಿದ್ದ ಆ ಬರಗಾಲದಲ್ಲಿ ಪತ್ರಿಕೆಯೂ ಬತ್ತಿತು. ಜಾಹೀರಾತು ಕೊಡುತ್ತಿದ್ದ ಅಂಗಡಿಗಳೇ ಅರ್ಧ ಬಾಗಿಲು ಹಾಕಿದ್ದವು. "ಪೇಪರ್ ಸತ್ತದ, ಸುದ್ದಿ ಸತ್ತಿಲ್ರಿ," ಎಂದು ಸಂಪಾದಕರು ಅದೇ ಹೆಸರಿನಲ್ಲಿ ಫೋನಿನೊಳಗೆ ಒಂದು ಪುಟ ತೆರೆದರು. ಸುದ್ದಿಗೆ ಅವರು ಎಲ್ಲಿಗೂ ಹೋಗುತ್ತಿರಲಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಬಂದದ್ದನ್ನು ಎತ್ತಿ ಹಾಕುತ್ತಿದ್ದರು. ಕರಡು ತಿದ್ದುವವನ ಗತಿ ಏನು ಎಂದು ಕೇಳಿದೆ. "ತಪ್ಪಿದ್ರ ಓದವರೇ ಹೇಳ್ತಾರಲ್ರಿ," ಎಂದರು. ಆಮೇಲೆ ನಾನು ಒಂದು ಪ್ರೆಸ್ಸಿನಲ್ಲಿ ಮದುವೆ ಕಾರ್ಡಿನ ಕಾಗುಣಿತ ನೋಡುತ್ತ ದಿನ ದೂಡಿದೆ.

ಉಳಿದ ಹೊತ್ತೆಲ್ಲ ಫೋನು. ಮೈಲೂರಿನ ನಮ್ಮ ಓಣಿಯ ಗುಂಪು, ಹಳೆಯ ಓದುಗರ ಗುಂಪು, ನೆಂಟರದು, ಹೀಗೆ ಹನ್ನೊಂದು ಗುಂಪು. ಹಲ್ಲುಜ್ಜುವ ಮೊದಲೇ ಎಲ್ಲದರೊಳಗೂ ಇಣುಕಿ ಬರುತ್ತಿದ್ದೆ. "ಊರಾಗ ನೀರಿಲ್ಲ, ಆದ್ರೂ ನೀವು ಎಮ್ಮಿ ನೀರಿಗಿಳಿದಂಗ ಫೋನಿನಾಗ ಇಳೀತೀರಿ ನೋಡ್ರಿ," ಎಂದು ಹೆಂಡತಿ ಚುಚ್ಚುತ್ತಿದ್ದಳು. ಆ ದಿನಗಳಲ್ಲಿ ಮಕ್ಕಳ ಕಳ್ಳರ ಸುದ್ದಿ ಗಾಳಿಯಲ್ಲಿ ಹರಿದಾಡುತ್ತಿತ್ತು. ಅಲ್ಲಿ ಹಿಡಿದರಂತೆ, ಇಲ್ಲಿ ಕಂಡರಂತೆ. ನನಗೆ ನಂಬಿಕೆಯೂ ಇರಲಿಲ್ಲ, ನಂಬದೆ ಇರುವ ಧೈರ್ಯವೂ ಇರಲಿಲ್ಲ. ಸುಳ್ಳಾದರೆ ಹೋಗಲಿ, ನಿಜವಾದರೆ ಏನು ಗತಿ ಎಂದುಕೊಂಡು ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸುತ್ತಿದ್ದೆ. ಆ ದಿನ ಬೆಳಿಗ್ಗೆಯೂ ಓದುಗರ ಗುಂಪಿಗೆ ಒಂದು ಕಳಿಸಿದ್ದೆ: 'ಜಿಲ್ಲೆಗೆ ಮಕ್ಕಳ ಕಳ್ಳರ ಟೋಳಿ ಬಂದಿದೆ, ಎಚ್ಚರ.'

ಹತ್ತು ಗಂಟೆಯ ಸುಮಾರಿಗೆ ಅಕ್ಕನ ಫೋನು ಬಂತು. ಅವಳು ಭಾಲ್ಕಿ ಕಡೆ ಸರ್ಕಾರಿ ನರ್ಸು, ಹಳ್ಳಿಹಳ್ಳಿ ತಿರುಗಿ ಮಕ್ಕಳಿಗೆ ಲಸಿಕೆ ಹಾಕುವವಳು.

"ತಮ್ಮಾ, ಔರಾದ್ ಟೋಳಿ ವಾಪಸ್ ಹೊಂಟದ. ಭಾಲ್ಕಿ ದಾಟಿದ ಮ್ಯಾಲ ಗಾಡಿ ಬಂದ್ ಬಿದ್ದದ. ಒಂಬತ್ತು ಮಕ್ಕಳವ, ನೀರಿಲ್ದ ಅಳ್ಲಿಕತ್ತಾವ. ನಾ ಇಲ್ಲೇ ನಿಂತೇನಿ. ನಿನ್ನ ಗ್ರೂಪಿನಾಗ ಹೇಳಿ ಯಾರರ ನೀರು, ಬ್ರೆಡ್ ತರಂಗ ಮಾಡು."

ನಮ್ಮ ಗಡಿಯಲ್ಲಿ ಟೋಳಿ ಎಂದರೆ ಕಬ್ಬು ಕಡಿಯಲು ಸೋಲಾಪುರದ ಕಡೆ ಗುಳೆ ಹೋಗುವ ತಂಡ. ಗಂಡ, ಹೆಂಡತಿ, ಮಕ್ಕಳು, ಪಾತ್ರೆ, ಕೋಳಿ ಎಲ್ಲ ಸೇರಿ ಒಂದು ಟೋಳಿ. ಆ ವರ್ಷ ಅಲ್ಲಿಯೂ ಕಬ್ಬು ಒಣಗಿ ಕಾರ್ಖಾನೆಗಳು ಬೇಗ ಮುಚ್ಚಿದ್ದರಿಂದ ಟೋಳಿಗಳು ಅವಧಿಗೆ ಮೊದಲೇ ಮರಳುತ್ತಿದ್ದವು. ಆದರೆ ಕಳ್ಳರ ತಂಡಕ್ಕೂ ಟೋಳಿ ಎಂದೇ ಹೇಳುತ್ತಾರೆ. ಹದಿನಾಲ್ಕು ವರ್ಷ ಪದಗಳ ಸಿಪ್ಪೆ ಸುಲಿದವನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಹಳೆಯ ಚಟದಂತೆ ಕತ್ತರಿಸಿಯೇ ಬರೆದೆ: 'ಭಾಲ್ಕಿ ದಾಟಿ ಔರಾದ್ ರಸ್ತೆಯಲ್ಲಿ ಟೋಳಿ ನಿಂತಿದೆ. ಗಾಡಿ ಕೆಟ್ಟಿದೆ. ಒಂಬತ್ತು ಮಕ್ಕಳು ಅಳುತ್ತಿವೆ. ಹತ್ತಿರದವರು ತಕ್ಷಣ ಹೋಗಿ.' ನೀರು, ಬ್ರೆಡ್ಡು ಎಂದು ಮುಂದಿನ ಸಾಲು ಶುರುಮಾಡುವಷ್ಟರಲ್ಲಿ ಹೆಂಡತಿ ಕೂಗಿದಳು, "ನಳ ಬಂತ್ರೀ!" ಎಂಟು ದಿನಕ್ಕೊಮ್ಮೆ ಬರುವ ನೀರು. ಅದು ಬಂದಾಗ ಊಟದ ತಾಟು ಬಿಟ್ಟು ಏಳುತ್ತಿದ್ದ ಕಾಲ. ಬರೆದಷ್ಟನ್ನು ಓದುಗರ ಗುಂಪಿಗೆ ಕಳಿಸಿ ಕೊಡ ಹಿಡಿದು ಓಡಿದೆ.

ಮುಕ್ಕಾಲು ತಾಸಾದ ಮೇಲೆ ಒದ್ದೆ ಕೈಯಲ್ಲೇ ಫೋನು ಎತ್ತಿದರೆ ನನ್ನ ಮಾತೇ ಬೇರೆ ಮೂರು ಗುಂಪಿನಿಂದ ನನಗೆ ವಾಪಸು ಬಂದಿತ್ತು. ಬೆಳಗಿನ ಎಚ್ಚರಿಕೆ ಮೇಲೆ, ಇದು ಕೆಳಗೆ, ಎರಡೂ ಒಂದೇ ಸುದ್ದಿಯಂತೆ ಅಂಟಿಕೊಂಡಿದ್ದವು. ಸಂಪಾದಕರ ಪುಟದಲ್ಲಿ ಟೋಳಿ ಹೋಗಿ ಗ್ಯಾಂಗ್ ಆಗಿತ್ತು: 'ಭಾಲ್ಕಿ ಬಳಿ ಮಕ್ಕಳ ಕಳ್ಳರ ಗ್ಯಾಂಗ್?' ಅಕ್ಕನಿಗೆ ಹಚ್ಚಿದೆ. ಫೋನು ಬಂದ್.

ಸಂಪಾದಕರಿಗೆ ಹಚ್ಚಿದೆ. "ಅದು ಕಬ್ಬಿನ ಟೋಳಿರಿ! ಅಲ್ಲಿ ನಮ್ಮಕ್ಕ ಇದ್ದಾಳ. ಮೊದ್ಲ ತೆಗೀರಿ ಅದನ್ನ."

"ನೀವು ಬರ್ದೀರಂತನೇ ನಂಬಿ ಹಾಕೇನಿ. ನಿಮ್ಮ ಕೈಯಿಂದ ತಪ್ಪು ಬರಂಗಿಲ್ಲಲ್ರಿ," ಎಂದರು. ಅವರಿಗೂ ಗಾಬರಿಯಾಗಿತ್ತು, ಆದರೆ ಬಿಡಲಿಲ್ಲ. "ಪ್ರಶ್ನೆ ಚಿಹ್ನಿ ಹಾಕೇನಿ ನೋಡ್ರಿ. ಈಗ ಮಂದಿ ನೋಡ್ಲಿಕತ್ತಾರ. ಸಂಜಿಗೆ ಸ್ಪಷ್ಟನಿ ಹಾಕ್ತೇನಿ."

"ಸಂಜಿತನ ಅವರು ಉಳೀಬೇಕಲ್ರಿ!"

ಗುಂಪಿನಲ್ಲಿ 'ಅದು ಕಬ್ಬಿನ ಟೋಳಿ, ಕಳ್ಳರಲ್ಲ' ಎಂದು ಹಾಕಿದೆ. ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು, 'ನೀನು ಕಳ್ಳರ ಕಡೆಯವನೇನು?' ಎಂದು ಕೇಳಿದರು. ಅದನ್ನು ಓದಿದ ಮೇಲೆ ಮತ್ತೊಂದು ಸಲ ಬರೆಯಲು ಕೈ ಬರಲಿಲ್ಲ.

ಭಾಲ್ಕಿಗೆ ಹೋಗುವ ಕ್ರೂಸರ್ ಜೀಪು ಹತ್ತಿದೆ. ಹದಿನೈದು ಮಂದಿ ತುಂಬಿದ ಗಾಡಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಪಕ್ಕದವನು ಫೋನನ್ನು ನನ್ನ ಮುಖಕ್ಕೇ ಹಿಡಿದ. "ನೋಡ್ರಿ, ಒಂಬತ್ತು ಮಕ್ಕಳಂತ. ಇಂಥವರಿಗಿ ಪೋಲಿಸ್ರ ಕೈಗಿ ಕೊಡಬಾರ್ದು. ನಿಮಗೂ ಬಂದದೇನ್ರಿ ಇದು?"

"ಹ್ಞೂಂರಿ, ಬಂದದ," ಎಂದೆ. ನಾನೇ ಬರೆದದ್ದು ಎನ್ನಲು ನಾಲಿಗೆ ಏಳಲಿಲ್ಲ. ಭಾಲ್ಕಿ ಬರುವವರೆಗೆ ಕಿಟಕಿಯ ಆಚೆ ಮುಖ ಮಾಡಿ ಕೂತೆ. ಅಕ್ಕನಿಗೆ ಏನಾದರೂ ಆದರೆ ಅವಳ ಮಕ್ಕಳಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಊರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ಕೆಟ್ಟು ನಿಂತ ಲಾರಿಯನ್ನು ನೂರಾರು ಜನ ಮುತ್ತಿದ್ದರು. ಅಕ್ಕ ಲಾರಿಯ ಗಾಲಿಯ ಮೇಲೆ ಕಾಲಿಟ್ಟು ನಿಂತು ಟೋಳಿಯ ಹೆಂಗಸರ ತಾಯಿ ಕಾರ್ಡುಗಳನ್ನು ಎತ್ತಿ ಹಿಡಿದು ಓದುತ್ತಿದ್ದಳು: ಇಂಥ ತಾಯಿ, ಇಂಥ ಮಗು, ಇಂಥ ದಿನ ಹಾಕಿದ ಲಸಿಕೆ. ಅವಳ ಗಂಟಲು ಒಡೆದಿತ್ತು. ಹೆಂಗಸರು ಎದೆಗೆ ಕೂಸುಗಳನ್ನು ಒತ್ತಿಕೊಂಡು ನೆಲಕ್ಕೆ ಕುಕ್ಕರಿಸಿದ್ದರು. ಎಂಟು ಮಕ್ಕಳ ಕಾರ್ಡು ಸಿಕ್ಕವು. ಒಂಬತ್ತನೆಯದು ನಾಲ್ಕು ವರ್ಷದ ಹುಡುಗಿ, ಅಜ್ಜಿಯ ಜೊತೆ ಬಂದದ್ದು. ತಾಯಿ ಇನ್ನೊಂದು ಟೋಳಿಯಲ್ಲಿ ಸೋಲಾಪುರದ ಕಡೆಯೇ ಉಳಿದಿದ್ದಳು, ಕಾರ್ಡು ಅವಳ ಹತ್ತಿರ ಇತ್ತು.

"ಈಕಿ ಯಾರು ನಿನಗ? ಹೇಳ!" ಎಂದು ಅಜ್ಜಿಯತ್ತ ಕೈ ತೋರಿಸಿ ಒಬ್ಬಾತ ಹುಡುಗಿಯ ರಟ್ಟೆ ಹಿಡಿದ. ಅದು ಬಾಯಿ ಬಿಡಲಿಲ್ಲ. ಅಷ್ಟು ಜನರ ನಡುವೆ ನನಗೇ ಬಾಯಿ ಬರಲಿಲ್ಲ, ಆ ಕೂಸಿಗೆ ಎಲ್ಲಿಂದ ಬರಬೇಕು? ಅವನು ಎಳೆದ, ಅಜ್ಜಿ ಬಿಡಲಿಲ್ಲ. ಹಿಂದಿನಿಂದ ಒಂದು ಕಲ್ಲು ಬಂದು ಅಜ್ಜಿಯ ಹಣೆಗೆ ಬಿತ್ತು. ಅಷ್ಟರಲ್ಲಿ ಅಕ್ಕ ಮೊದಲೇ ಕರೆಸಿದ್ದ ಪೊಲೀಸ್ ಜೀಪು ಬಂದು ಜನ ಚೆದುರಿದರು. ನಾನು ಕೂಗಿ ಹೇಳಿದ್ದರೆ ಆ ಕಲ್ಲು ಬೀಳುತ್ತಿರಲಿಲ್ಲವೋ ಏನೋ. ಕೂಗಲಿಲ್ಲ ಎಂಬುದು ಮಾತ್ರ ಗೊತ್ತು.

ಭಾಲ್ಕಿಯ ಆಸ್ಪತ್ರೆಯಲ್ಲಿ ಅಜ್ಜಿಗೆ ಹೊಲಿಗೆ ಹಾಕಿದರು. ಹುಡುಗಿ ಅವಳ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿತ್ತು.

"ಒಬ್ಬಂವ ಬಡಿಗಿ ಹಿಡ್ಕೊಂಡು ನಿಂತು ಓದಿದ, ತಮ್ಮಾ," ಎಂದಳು ಅಕ್ಕ. "ನಾ ನಿನಗ ಹೇಳಿದ ಮಾತು ನನಗೇ ಓದಿ ತೋರಿಸಿದ."

ನನಗೆ ಅಳು ತಡೆಯಲಾಗಲಿಲ್ಲ. ಅಜ್ಜಿಯ ಮಂಚದ ಹತ್ತಿರ ಹೋಗಿ, "ಆಯಿ, ಅದು ನಾನೇ ಬರ್ದದ್ದು. ಹಿಂಗಾಗ್ತದಂತ ಗೊತ್ತಿರ್ಲಿಲ್ಲ," ಎಂದೆ. ಬೈಯುತ್ತಾಳೆ, ಉಗಿಯುತ್ತಾಳೆ ಎಂದು ಕಾದೆ. ಅವಳು ಪಟ್ಟಿಯ ಕೆಳಗಿನಿಂದ ನನ್ನನ್ನು ನೋಡಿದಳು.

"ನೀವ ಬರ್ದದ್ದೇನ್ರಿ? ಹಂಗಾರ ಛಲೋ ಆಯ್ತ್ರಿಯಪ್ಪಾ. ಯಾರು ಬರ್ದಾರೋ, ಯಾರಿಗಿ ಕೇಳ್ಬೇಕೋ ಅಂತ ಅಂಜಿದ್ದೆ. ನಾಳಿ ನಾವು ಇದೇ ದಾರಿ ಹಿಡ್ದು ಔರಾದಕ್ಕ ಹೋಗ್ಬೇಕ್ರಿ. ಬರ್ದವರು ನೀವೇ ಇದ್ದೀರಿ, ಅಳಿಸ್ಬಿಡ್ರಿ."

ಅವಳ ಎದುರಿಗೇ ಫೋನು ತೆಗೆದೆ. ನನ್ನ ಆ ನಾಲ್ಕು ಸಾಲಿನ ಮೇಲೆ ಬೆರಳು ಒತ್ತಿ ಹಿಡಿದು ಅಳಿಸಿದೆ. ಆಗಿನ ಕಾಲಕ್ಕೆ ಅದು ಅಳಿಸಿದವನ ಫೋನಿನಿಂದ ಮಾತ್ರ ಹೋಗುತ್ತಿತ್ತು, ಮಿಕ್ಕವರಲ್ಲಿ ಹಾಗೆಯೇ ಇರುತ್ತಿತ್ತು.

"ಹೋಯ್ತೇನ್ರಿ?" ಎಂದಳು.

"ಹೋಯ್ತು, ಆಯಿ," ಎಂದೆ.